ಕಲ್ಲಾದವರನ್ನು ಕರೆಯುವ ನಿಯಮ

“ಹಂಗ ಕರದ್ರ ನಡೆಂಗಿಲ್ಲ ಚಿಗವ್ವಾ,” ಎಂದ ಕಿರಣಕುಮಾರ. “ಹೆಸರ ಹಿಡದ ಕರೀಬೇಕು.”

ನೂಲು ಸುತ್ತುವ ರಾಟಿ ತಿರುಗಿಸುತ್ತಿದ್ದ ಬನಶಂಕರೆವ್ವನ ಕೈ ಅಲ್ಲಿಗೇ ನಿಂತಿತು. ಈಗಷ್ಟೇ ಕರೆದಿದ್ದಳಲ್ಲ, ಅದೂ ಬಾಯಿತುಂಬ! “ಪ್ರಿಯಾನ ಅಪ್ಪಾರ, ಎದ್ದ ಬರ್ರಿ” ಎಂದು ಕರೆದಿದ್ದಳು. ಅದು ಕರೆದದ್ದಲ್ಲವಾದರೆ ಇನ್ನೇನು ಮಣ್ಣು ಎಂದು ಅವಳಿಗೆ ತಿಳಿಯಲಿಲ್ಲ. ಭಾವನ ಮಗ ತಮಾಷೆ ಮಾಡುತ್ತಿರಬೇಕೆಂದು ಅವನ ಮುಖ ನೋಡಿದಳು. ಅವನು ಕನ್ನಡಕ ಮೇಲೇರಿಸಿಕೊಂಡು ಪುಸ್ತಕದ ಹಾಳೆ ಮಗುಚುತ್ತಿದ್ದ. ತಮಾಷೆಯ ಮುಖವಾಗಿರಲಿಲ್ಲ ಅದು.

ರವಿವಾರದ ಮಧ್ಯಾಹ್ನ. ಬೆಟಗೇರಿಯ ಆ ಮನೆಯ ಮಗ್ಗದ ಕೋಣೆಯಲ್ಲಿ ಈಗ ಮಗ್ಗವಿಲ್ಲ. ಹಿಂದೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಕುಣಿಯ ಮೇಲೆ ಹಲಗೆ ಹೊಚ್ಚಿ, ಅದರ ಮೇಲೆ ಜಮಖಾನೆ ಹಾಸಿದ್ದಾರೆ. ಆ ಜಮಖಾನೆಯ ಮೇಲೆ ಕೂತವರು ಮನೆಯ ಯಜಮಾನ ಹನಮಪ್ಪ, ಅವನ ಹೆಂಡತಿ ಬನಶಂಕರೆವ್ವ, ಗದಗಿನ ಒಂದು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಪ್ರಿಯಾ, ಹನಮಪ್ಪನ ಅಣ್ಣನ ಮಗ ಕಿರಣಕುಮಾರ, ಮತ್ತು ಕಿರಣಕುಮಾರನ ಗೆಳೆಯ ಮೌನೇಶ. ನಡುವೆ ಒಂದು ದೊಡ್ಡ ರಟ್ಟು. ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ಗವಿ. ಗವಿಯೊಳಗೆ ಹನಮಪ್ಪನ ಸುಣ್ಣದ ಡಬ್ಬಿ ಅಡ್ಡ ಬಿದ್ದಿತ್ತು. ಅದರ ಪಕ್ಕದಲ್ಲಿ ಮಗ್ಗದ ಲಾಳಿಯೊಳಗೆ ಕೂರುವ, ಹಳದಿ ನೂಲು ಸುತ್ತಿದ ಒಂದು ಪುಟ್ಟ ಕಂಡಿಕೆ ನೆಟ್ಟಗೆ ನಿಂತಿತ್ತು. ಡಬ್ಬಿ ಹನಮಪ್ಪ, ಕಂಡಿಕೆ ಬನಶಂಕರೆವ್ವ.

ಈ ಆಟವನ್ನು ಓಣಿಯಲ್ಲಿ ಯಾರಿಗಾದರೂ ಬಿಡಿಸಿ ಹೇಳಹೊರಟರೆ ಇವರಿಗೆಲ್ಲ ತಲೆ ಕೆಟ್ಟಿದೆ ಎಂದುಕೊಂಡಾರು. ಪಗಡೆಯ ಹಾಗೆ ಮನೆಗಳಿಲ್ಲ, ಇಸ್ಪೀಟಿನ ಹಾಗೆ ಎಲೆಗಳಿಲ್ಲ, ಗೆದ್ದವರಿಗೆ ಸಿಗುವುದೂ ಏನಿಲ್ಲ. ಕಿರಣಕುಮಾರ ಕತೆ ಹೇಳುತ್ತಾನೆ. ಗುಡ್ಡ, ಗವಿ, ದೆವ್ವ, ದರೋಡೆಕೋರರು. ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬರಾಗಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ದಾಳ ಹೇಳದ್ದನ್ನು ಪುಸ್ತಕ ಹೇಳುತ್ತದೆ. ಪುಸ್ತಕವೂ ಹೇಳದ್ದನ್ನು ಕಿರಣಕುಮಾರ ಹೇಳುತ್ತಾನೆ. ಅವನು ಹೇಳಿದ ಮೇಲೆ ಮುಗಿಯಿತು, ಅದರ ಮುಂದೆ ಅಪೀಲಿಲ್ಲ.

ಹುಬ್ಬಳ್ಳಿಯಲ್ಲಿ ಓದುವಾಗ ಹಿಡಿದುಕೊಂಡು ಬಂದ ಹುಚ್ಚು ಅದು. ಎಲ್ಲರೂ ಮನೆಯಲ್ಲೇ ಕೂರಬೇಕಾಗಿ ಬಂದ ಕೊರೋನಾದ ದಿನಗಳಲ್ಲಿ, ಇಂಗ್ಲಿಷಿನ ನಿಯಮಗಳನ್ನು ಅವನೇ ಕೂತು ಕನ್ನಡಕ್ಕೆ ಇಳಿಸಿ, ತಾನು ಕೆಲಸ ಮಾಡುವ ಮುದ್ರಣಾಲಯದಲ್ಲೇ ಅಚ್ಚು ಹಾಕಿ ಹೊಲಿಸಿಕೊಂಡಿದ್ದ. ಮೊದಮೊದಲು ಆಡುತ್ತಿದ್ದವರು ಮೂರೂ ಮಂದಿ ಹುಡುಗರು. ತಾನು ದುಡಿಯುತ್ತಿದ್ದ ಸೀರೆ ಅಂಗಡಿಗೆ ಬೀಗ ಬಿದ್ದು ಮನೆಯಲ್ಲಿ ನೊಣ ಹೊಡೆಯುತ್ತಿದ್ದ ಹನಮಪ್ಪ ಆಮೇಲೆ ಸೇರಿಕೊಂಡ. ಚಹಾ ಕೊಡಲು ಬಂದ ಬನಶಂಕರೆವ್ವ ಹೊಸ್ತಿಲಲ್ಲಿ ನಿಂತು ಕೇಳುತ್ತ, ದರೋಡೆಕೋರರು ನುಗ್ಗಿದಾಗ “ಅಯ್ಯ, ಹಿತ್ತಲ ಬಾಗಲಾ ಹಾಕ್ಕೋರಿ” ಎಂದುಬಿಟ್ಟಳು. ಹಿತ್ತಲ ಬಾಗಿಲು ತೆರೆದಿರುವುದು ಕಿರಣಕುಮಾರನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವನು ನಕ್ಕು, ಚಿಗವ್ವನೂ ಆಡಲಿ ಎಂದ.

ಎಲ್ಲರೂ ಒಂದೊಂದು ಹೆಸರಿಟ್ಟುಕೊಳ್ಳಬೇಕಿತ್ತು. ಪ್ರಿಯಾ ಅಗ್ನಿಶಿಖೆಯಾದಳು, ಮೌನೇಶ ರಣಧೀರನಾದ. ಹನಮಪ್ಪ ಮಾತ್ರ, ತನ್ನ ಹೆಸರು ಏನು ಕೆಟ್ಟಿದೆ, ಅದನ್ನು ಬಿಟ್ಟು ಇನ್ನೊಂದನ್ನು ಯಾಕೆ ಹಚ್ಚಿಕೊಳ್ಳಲಿ ಎಂದು ಕತೆಯಲ್ಲೂ ಗದೆ ಹಿಡಿದ ಹನಮಪ್ಪನಾಗಿಯೇ ಉಳಿದ. ಬನಶಂಕರೆವ್ವ ಬಹಳ ಹೊತ್ತು ಯೋಚಿಸಿ ಬಿಜಲಿ ಎಂದಳು. ಎಲ್ಲರೂ ನಕ್ಕರು. ನಕ್ಕರೆ ನಗಲಿ. ಬಿಜಲಿ ಮಂತ್ರ ಬಲ್ಲ ಹೆಣ್ಣು. ಅವಳಿಗೆ ಒಲೆಯಿಲ್ಲ, ಹೊಸ್ತಿಲಿಲ್ಲ. ಕಪ್ಪತಗುಡ್ಡದಂಥ ಗುಡ್ಡದಲ್ಲಿ ಗಾಳಿಗೆ ತಲೆಗೂದಲು ಬಿಟ್ಟುಕೊಂಡು ಒಬ್ಬಳೇ ತಿರುಗುತ್ತಾಳೆ. ಕರೆದರೆ ಹುಲಿಯೂ ನಿಲ್ಲುತ್ತದೆ. ವಾರವಿಡೀ ಎದುರು ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತುವಾಗ ಬನಶಂಕರೆವ್ವ ರವಿವಾರ ಬಿಜಲಿ ಏನು ಮಾಡಬೇಕೆಂದು ಯೋಚಿಸುತ್ತಿದ್ದಳು. ಹಾಗೆ ಯೋಚಿಸಿಕೊಳ್ಳಲು ತನ್ನದೆಂಬುದೊಂದು ಅವಳಿಗೆ ಅದಕ್ಕೆ ಮೊದಲು ಇರಲಿಲ್ಲ.

ಆ ಬಿಜಲಿ ಈಗ ಹೋಗುವ ಹಾಗಿತ್ತು. ಗವಿಯ ಮುದುಕಿ ದೆವ್ವ ಗದೆಯ ಹನಮಪ್ಪನನ್ನು ಕಲ್ಲು ಮಾಡಿತ್ತು. ಬಾಗಿಲಿಗೆ ಬಂಡೆ ಬಿದ್ದು ಅಗ್ನಿಶಿಖೆಯೂ ರಣಧೀರನೂ ಹೊರಗೆ ಉಳಿದಿದ್ದರು. ಕಲ್ಲಾದವನನ್ನು ಎಬ್ಬಿಸುವ ಮಂತ್ರ ಗೊತ್ತಿದ್ದವಳು ಬಿಜಲಿ ಒಬ್ಬಳೇ. ಕಿರಣಕುಮಾರ ಆ ಮಂತ್ರದ ನಿಯಮವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದ. ‘ಕಲ್ಲಾದವರನ್ನು ಅವರನ್ನು ಬಲ್ಲವರು ಹೆಸರು ಹಿಡಿದು ಕರೆದರೆ ಜೀವ ಮರಳುತ್ತದೆ. ಕರೆ ತಪ್ಪಿದರೆ ಕರೆದವರೂ ಕಲ್ಲಾಗುತ್ತಾರೆ.’ ಇದ್ದದ್ದು ಇಷ್ಟೇ. ಹೆಸರೆಂದರೆ ತೊಟ್ಟಿಲಲ್ಲಿ ಇಟ್ಟ ಹೆಸರೋ, ಕರೆಯುವವರು ದಿನಾ ಕರೆಯುವುದೋ, ಅದನ್ನು ಬರೆದ ಪುಣ್ಯಾತ್ಮ ಹೇಳಿರಲಿಲ್ಲ.

ಹೇಳಿರಲಿಲ್ಲ, ಯಾಕೆಂದರೆ ಅವನ ಊರಲ್ಲಿ ಆ ಪ್ರಶ್ನೆಯೇ ಎದ್ದಿರಲಾರದು. ಇಲ್ಲಿ ಎದ್ದಿತ್ತು. ಬನಶಂಕರೆವ್ವ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಗಂಡನ ಹೆಸರನ್ನು ನಾಲಿಗೆಯ ಮೇಲೆ ತಂದವಳಲ್ಲ. ಓಣಿಯ ತಿರುವಿನ ಹನಮಪ್ಪನ ಗುಡಿಗೆ ಅವಳು ಶನಿವಾರದ ಗುಡಿ ಎನ್ನುತ್ತಾಳೆ. ಅದೇ ಹೆಸರಿನ ತವರಿನ ಸೋದರಮಾವನಿಗೆ ನರಗುಂದದ ಮಾಮಾ ಎನ್ನುತ್ತಾಳೆ. ಮದುವೆಯ ಹೊಸದರಲ್ಲಿ ಒಮ್ಮೆ ಬಾಯಿ ತಪ್ಪಿ ಗುಡಿಯ ಹೆಸರು ಹೇಳಿದಾಗ ಅತ್ತೆ ಬಸವಣ್ಣೆವ್ವ ನೂಲಿನ ಲಡಿಯಿಂದಲೇ ಬಾಯಿಗೆ ಬಾರಿಸಿದ್ದಳು. ಆಟದಲ್ಲೂ ಅಷ್ಟೇ, ಇಷ್ಟು ವರ್ಷ ಬಿಜಲಿ ಆ ಹನಮಪ್ಪನನ್ನು ‘ಗದಾದವರು’ ಎಂದೇ ಕರೆಯುತ್ತ ಬಂದಿದ್ದಳು. ಇವಳು ಯಾಕೆ ಹಾಗೆ ಅನ್ನುತ್ತಾಳೆಂದು ಜಮಖಾನೆಯ ಮೇಲಿನ ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಕೇಳುವ ಮಾತೆಂದು ಯಾರಿಗೂ ಅನ್ನಿಸಿರಲಿಲ್ಲ.

“ನಾ ಕರೆಯೂದ ಹಂಗ,” ಎಂದಳು ಬನಶಂಕರೆವ್ವ. “ಅವರು ಓ ಅನ್ನೂದೂ ಅದಕ್ಕ. ಇನ್ನ ಯಾವ ಹೆಸರು ಬೇಕೋ?”

ಕಿರಣಕುಮಾರ ಮೆತ್ತಗೆ ತಿಳಿಹೇಳುವ ದನಿ ತೆಗೆದ. ಪ್ರಿಯಾನ ಅಪ್ಪ ಎಂಬುದು ಹೆಸರಲ್ಲ, ಸಂಬಂಧ ಎಂದ. ಗವಿಯಲ್ಲಿ ಕಲ್ಲಾಗಿ ಬಿದ್ದವನಿಗೆ ಪ್ರಿಯಾ ಎಂಬ ಮಗಳೇ ಇಲ್ಲ, ಅವಳು ಅಲ್ಲಿ ಅಗ್ನಿಶಿಖೆ ಎಂದ. ನಿಯಮವೆಂದ ಮೇಲೆ ಎಲ್ಲರಿಗೂ ಒಂದೇ ಎಂದ. ಹೇಳುತ್ತ ಹೇಳುತ್ತ ಕೈ ಚಾಚಿ ಹಳದಿ ಕಂಡಿಕೆಯನ್ನು ಸುಣ್ಣದ ಡಬ್ಬಿಯ ಪಕ್ಕಕ್ಕೆ ಅಡ್ಡ ಮಲಗಿಸಿದ.

ಬನಶಂಕರೆವ್ವನಿಗೆ ನೆತ್ತಿಗೇರಿದ್ದು ಆಗಲೇ. ತನ್ನನ್ನೇ ಯಾರೋ ರಟ್ಟೆ ಹಿಡಿದು ಕೆಡವಿದಂತಾಯಿತು. ಅವಳು ರಾಟಿಯನ್ನು ಬದಿಗೆ ಸರಿಸಿದಳು.

ಎಲ್ಲರಿಗೂ ಒಂದೇ ನಿಯಮವಾದರೆ, ದೀಪಾವಳಿಯ ಸುತ್ತಿನಲ್ಲಿ ಏನಾಗಿತ್ತು ಎಂದು ಕೇಳಿದಳು. ಆಗ ಅಗ್ನಿಶಿಖೆ ಗೊರವಂಕವಾಗಿ ಹಾರಿಹೋಗಿದ್ದಳು. ಅವಳನ್ನು ಮರಳಿ ಕರೆಯುವುದಕ್ಕೂ ಹೆಸರೇ ಬೇಕಿತ್ತು, ಆ ಮಂತ್ರದಲ್ಲೂ ಇದೇ ಮಾತು ಇತ್ತು. ಮೌನೇಶ ಏನೆಂದು ಕರೆದ? ಪ್ರಿಯಾಳ ಬಾಯಿ ನಿಲ್ಲುವುದಿಲ್ಲವೆಂದು ಅವನು ಅವಳಿಗಿಟ್ಟ ಅಡ್ಡಹೆಸರು ಹಿಡಿದು, “ಏ ಕ್ಯಾಸೆಟ್ಟ, ಇಳಿ ಕೆಳಗ” ಎಂದಿದ್ದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಕಿರಣಕುಮಾರ, ಕರೆದವನಿಗೂ ಗೊತ್ತು, ಕರೆಸಿಕೊಂಡವಳಿಗೂ ಗೊತ್ತು, ಇನ್ನೇನು ಬೇಕು ಎಂದು ಗೊರವಂಕವನ್ನು ಕೆಳಗಿಳಿಸಿದ್ದ.

“ಮೌನೇಶ ಕರದ್ರ ನಡೀತು. ನಾ ಕರದ್ರ ಯಾಕ ನಡೆಂಗಿಲ್ಲ?”

ಮೌನೇಶ ತಲೆ ಕೆರೆದುಕೊಂಡ. ಅವನು ಒಳ್ಳೆಯ ಹುಡುಗ. ಚಿಗವ್ವ ಹೇಳುವುದರಲ್ಲಿ ಖರೆ ಐತಿ ಎಂದು ಗೊಣಗಿದ. ಕಿರಣಕುಮಾರ ಅವನನ್ನು ಕಣ್ಣಲ್ಲೇ ಸುಮ್ಮನಾಗಿಸಿ, ಅಡ್ಡಹೆಸರೂ ಹೆಸರೇ, ಅದು ಬೇರೆ, ಇದು ಬೇರೆ ಎಂದ. ಹೇಗೆ ಬೇರೆ ಎಂದು ಕೇಳಿದರೆ ಪುಸ್ತಕದಲ್ಲಿ ಹುಡುಕತೊಡಗಿದ. ಹಾಳೆ ಮಗುಚಿದ, ಮತ್ತೆ ಮಗುಚಿದ. ಇಲ್ಲದ್ದು ಎಲ್ಲಿಂದ ಸಿಕ್ಕೀತು?

ಪ್ರಿಯಾ ಫೋನಿನಿಂದ ಕಣ್ಣು ತೆಗೆಯದೆ, “ಅಂದ ಬಿಡಬೇ ಒಂದ ಸಲ,” ಎಂದಳು. “ಏನ ನಾಲಿಗಿ ಬೀಳತೈತೇನ? ಈಗ ಎಲ್ಲಾರೂ ಅಂತಾರ.”

ಹೆತ್ತ ಮಗಳು! ಬೇರೆ ಯಾರಾದರೂ ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಎಲ್ಲರೂ ಅನ್ನುತ್ತಾರೆ ಎಂಬುದು ಬನಶಂಕರೆವ್ವನಿಗೆ ಗೊತ್ತಿಲ್ಲವೇ? ಈಗಿನ ಹುಡುಗಿಯರು ಬಸ್ಸಿನಲ್ಲಿ ನಿಂತು ಫೋನಿನಲ್ಲಿ ಗಂಡನಿಗೆ ಲೇ ಎಂದು ಬೈಯುವುದನ್ನು ಅವಳೂ ಕೇಳಿದ್ದಾಳೆ. ಅವರಿಗೆ ಅದು ಸುಲಭ, ಯಾಕೆಂದರೆ ಅವರ ಬಾಯಿಗೆ ಯಾರೂ ನೂಲಿನ ಲಡಿಯಿಂದ ಹೊಡೆದಿಲ್ಲ. ಇವಳ ಬಾಯನ್ನು ಮೊದಲು ಹೊಲಿದರು. ಈಗ ಯಾಕೆ ಬಿಚ್ಚುವುದಿಲ್ಲ ಎಂದು ಇವಳನ್ನೇ ಕೇಳುತ್ತಿದ್ದಾರೆ.

ಇಷ್ಟು ಹೊತ್ತೂ ಹನಮಪ್ಪ ಗೋಡೆಗೊರಗಿ ಮಜಾ ನೋಡುತ್ತಿದ್ದ. ಕಲ್ಲಾದವನು ತಾನೇ ಆದರೂ ಅವನಿಗೆ ಅದರ ಚಿಂತೆ ಇರಲಿಲ್ಲ. ಎಲೆಗೆ ಸುಣ್ಣ ಹಚ್ಚಲು ಡಬ್ಬಿ ಬೇಕೆನ್ನಿಸಿ, ಆಟದ ನಡುವೆಯೇ ಕಲ್ಲಾದ ತನ್ನನ್ನು ಎತ್ತಿಕೊಂಡು, ಸುಣ್ಣ ತೆಗೆದು, ಮತ್ತೆ ಅಡ್ಡ ಮಲಗಿಸಿದ. ಆಮೇಲೆ ದೊಡ್ಡ ಮನಸ್ಸು ಮಾಡಿದವನಂತೆ ಅಣ್ಣನ ಮಗನಿಗೆ ಹೇಳಿದ, ಹೋಗಲಿ ಪಾಪ, ಅವಳಿಗೆ ಇನ್ನೊಂದು ಸಲ ಅವಕಾಶ ಕೊಡು, ಈ ಸಲ ಸರಿಯಾಗಿ ಕರೆದರೆ ಇಬ್ಬರೂ ಏಳಲಿ. ಕಿರಣಕುಮಾರನಿಗೂ ಅದೇ ಬೇಕಿತ್ತು. ತಕ್ಷಣ ಒಪ್ಪಿಕೊಂಡ.

“ಅನ್ನು, ಕೇಳೂಣು,” ಎಂದ ಹನಮಪ್ಪ. ಎಲೆ ದವಡೆಗೆ ಸರಿಸಿ ಮೀಸೆಯ ಮೇಲೆ ಕೈಯಾಡಿಸಿದ. “ಆಟದಾಗ ನಾ ಏನ ನಿನ್ನ ಗಂಡಲ್ಲ. ನೀ ನನ್ನ ಹೇಂತಿ ಅಲ್ಲ. ನಾಚಿಕಿ ಯಾಕ?”

ಅವನ ಮುಖದಲ್ಲಿದ್ದ ಆ ನಗುವನ್ನು ಬನಶಂಕರೆವ್ವ ಗುರುತು ಹಿಡಿದಳು. ಮದುವೆಯ ದಿನ ಹೆಂಗಸರೆಲ್ಲ ಸುತ್ತುವರಿದು, ಗಂಡನ ಹೆಸರು ಪ್ರಾಸಕ್ಕೆ ಸೇರಿಸಿ ಒಡಪು ಹಾಕು ಎಂದು ಅವಳನ್ನು ಪೀಡಿಸುವಾಗ, ಅವನು ಒಳಗೊಳಗೇ ಹಿಗ್ಗುತ್ತ ಕೂತಿದ್ದಾಗಲೂ ಇದೇ ನಗು. ಆವತ್ತು ಅವಳು ಅತ್ತುಬಿಟ್ಟಿದ್ದಳು, ಒಡಪು ಬಂದಿರಲಿಲ್ಲ. ಇವತ್ತು ಅಳು ಬರಲಿಲ್ಲ. ನಾಚಿಕೆಯಂತೆ. ನಾಚಿಕೆ ಎಂದೋ ಸತ್ತುಹೋಗಿತ್ತು, ಉಳಿದದ್ದು ಬರೇ ಸಿಟ್ಟು. ಇವರಿಗೆ ಅದು ತಿಳಿದೂ ಇರಲಿಲ್ಲ.

“ಅಣ್ಣಿಗೇರಿ ಟೇಸನ್ ನೆನಪೈತೇನ್ರಿ?” ಎಂದಳು.

ಹನಮಪ್ಪನ ದವಡೆ ನಿಂತಿತು.

ಪ್ರಿಯಾ ಆಗ ಕಂಕುಳ ಕೂಸು. ಹುಬ್ಬಳ್ಳಿಯಲ್ಲಿ ಬಸುರಿ ನಾದಿನಿಯ ಕುಬಸ. ಅತ್ತೆ ಬಸವಣ್ಣೆವ್ವ ಮೊದಲೇ ಹೋಗಿ ಕೂತಿದ್ದಳು. ಇವರು ಮೂವರು ಗದಗಿನಲ್ಲಿ ರೈಲು ಹತ್ತಿದರು. ಹತ್ತಿದವನು ಸುಮ್ಮನೆ ಕೂರಬೇಕೋ ಬೇಡವೋ? ಮಿರ್ಚಿ ತರುತ್ತೇನೆಂದು ಹನಮಪ್ಪ ಇಳಿದುಹೋದ. ಗಾಡಿ ಸೀಟಿ ಹೊಡೆಯಿತು. ಅವನು ಈ ಕಡೆ ಬೆನ್ನು ಮಾಡಿ, ಚಟ್ನಿ ಕಡಿಮೆಯಾಯಿತೆಂದು ಮಿರ್ಚಿಯವನ ಜೊತೆ ವಾದಿಸುತ್ತಿದ್ದ. ಕಿಟಕಿಯ ಸರಳು ಹಿಡಿದು ಬನಶಂಕರೆವ್ವ ಕೂಗಿದಳು. ಏನು ಕೂಗಲು ಬರುತ್ತಿತ್ತು ಅವಳಿಗೆ? ‘ಏನ್ರೀ, ಏನ್ರೀ’ ಎಂದು ಕೂಗಿದಳು. ಪ್ಲಾಟ್‌ಫಾರ್ಮಿನ ಮೇಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು, ಅವಳ ಗಂಡನೊಬ್ಬನನ್ನು ಬಿಟ್ಟು. ಹೆಸರು ಗಂಟಲಿನ ತನಕ ಬಂದಿತ್ತು. ಅಲ್ಲೇ ನಿಂತಿತು. ಗಾಡಿ ಹೊರಟೇಹೋಯಿತು.

ಗಾಡಿ ಮುಂದೆ ನಿಂತ ಅಣ್ಣಿಗೇರಿಯಲ್ಲಿ ಇಳಿದು ಕೂಸನ್ನು ಕಟ್ಟಿಕೊಂಡು ಬಿಸಿಲಲ್ಲಿ ಕೂತಿದ್ದಳು. ಟಿಕೇಟು ಅವನ ಜೇಬಿನಲ್ಲಿ, ನೀರಿನ ತಂಬಿಗೆ ಗಾಡಿಯಲ್ಲಿ. ಅವನು ಮುಂದಿನ ಗಾಡಿಗೆ ಬಂದ. ಬಂದವನೇ, ಹೆಸರು ಹಿಡಿದು ಕೂಗಲು ನಿನ್ನ ಬಾಯಿ ಬಿದ್ದುಹೋಗಿತ್ತೇನು ಎಂದು ಕೆನ್ನೆಗೆ ಹೊಡೆದ. ಅಷ್ಟು ಮಂದಿಯ ಎದುರು. ಕಂಕುಳಲ್ಲಿದ್ದ ಕೂಸು ಬೆದರಿ ಅತ್ತಿತು. ಸಂಜೆ ಹುಬ್ಬಳ್ಳಿ ಮುಟ್ಟಿ ಎಲ್ಲ ಹೇಳಿದಾಗ ಅತ್ತೆ ಅವಳ ತಲೆ ನೇವರಿಸಿದಳು. ಗಾಡಿ ತಪ್ಪಿದರೂ ಗಂಡನ ಹೆಸರು ಮಂದಿಯಲ್ಲಿ ಕೂಗಲಿಲ್ಲ, ಮನೆತನದ ಮರ್ಯಾದೆ ಉಳಿಸಿದಳು ಎಂದು ಬಂದ ಹೆಂಗಸರಿಗೆಲ್ಲ ಹೇಳಿ, ಅವಳಿಗೊಂದು ಒಳ್ಳೆಯ ಕುಬಸದ ಕಣ ಕೊಟ್ಟಳು.

ಇದನ್ನೆಲ್ಲ ಬನಶಂಕರೆವ್ವ ದನಿ ಏರಿಸದೆ ಹೇಳಿದಳು. ಪ್ರಿಯಾಳ ಫೋನು ತೊಡೆಯ ಮೇಲೆ ಬಿದ್ದಿತ್ತು. ಆ ಕೂಸು ತಾನೇ ಎಂದು ಅವಳಿಗೆ ಗೊತ್ತಾದದ್ದು ಇವತ್ತು.

“ಒಂದ ದಿನದಾಗ ಕೂಗಲಿಲ್ಲಂತ ಹೊಡಿಸಿಕೊಂಡೆ, ಕೂಗಲಿಲ್ಲಂತ ಹೊಗಳಿಸಿಕೊಂಡೆ,” ಎಂದಳು. “ಕೂಗಿದ್ದರ ನಿಮ್ಮವ್ವ ನನ್ನ ಮನಿಯೊಳಗ ಬಿಟ್ಟುಕೊಳ್ತಿದ್ಲೇನ್ರಿ? ಹೇಳ್ರಿ. ಆವತ್ತ ಯಾರ ನಿಯಮ ಖರೆ ಇತ್ತು?”

ಹನಮಪ್ಪ ಗಂಟಲು ಸರಿಮಾಡಿಕೊಂಡ. ಆಟದಲ್ಲಿ ಹಳೆಯ ಮಾತು ಯಾಕೆ ತೆಗೆಯುತ್ತೀ ಎಂದ. ಯಾವ ಕಾಲದ್ದೋ ಏನೋ ಎಂದ. ಹುಡುಗರ ಎದುರು ಇದೆಲ್ಲ ಬೇಕಿತ್ತೇ ಎಂದು ಮೌನೇಶನ ಕಡೆ ನೋಡಿ ನಗಲು ಹೋದ. ಮೌನೇಶ ನಗಲಿಲ್ಲ. ಎದ್ದುಹೋಗಿ ಉಗುಳಿ ಬರಬೇಕೆನ್ನಿಸಿತು ಹನಮಪ್ಪನಿಗೆ, ಏಳಲು ಧೈರ್ಯವಾಗಲಿಲ್ಲ. ಬಾಯಲ್ಲಿ ಎಲೆಯ ರಸ ತುಂಬಿಕೊಂಡು ಹಾಗೇ ಕೂತ.

ಕಿರಣಕುಮಾರ ಪುಸ್ತಕ ಮುಚ್ಚಿದ. ಅವನು ಕೆಟ್ಟವನಲ್ಲ, ಆದರೆ ತಾನು ಹೇಳಿದ್ದೇ ಆಗಬೇಕೆಂಬ ರುಚಿ ಹತ್ತಿದವನು. ಈಗ ಆ ರುಚಿ ಇಳಿದಿತ್ತು. ಕೈ ಚಾಚಿ ಹಳದಿ ಕಂಡಿಕೆಯನ್ನು ಎತ್ತಿ ನಿಲ್ಲಿಸಿದ.

“ಆತು ಚಿಗವ್ವಾ,” ಎಂದ. “ಪ್ರಿಯಾನ ಅಪ್ಪಾರ ಅಂದದ್ದ ನಡೀತೈತಿ. ನಾ ಒಪ್ಪಿದೆ. ಇಬ್ಬರೂ ಎದ್ದರು.”

“ಈಗ ಯಾಕ ನಡೀತೈತಿ?” ಎಂದಳು ಬನಶಂಕರೆವ್ವ. “ಪುಸ್ತಕದಾಗ ಹೊಸಾದೇನರ ಬಂತೇನ?”

ಅವನು ಮುಚ್ಚಿದ ಪುಸ್ತಕವನ್ನು ಪಕ್ಕಕ್ಕೆ ಸರಿಸಿದ.

“ನಾ ಸಿಟ್ಟಿಗೆದ್ದೆ, ಅದಕ್ಕ ನಡೀತೈತಿ. ಸುಮ್ಮ ಕುಂತಿದ್ದರ ನಡೀತಿದ್ದಿಲ್ಲ. ಮೊದಲ ನಡೆಂಗಿಲ್ಲ ಅಂದಿ, ಆಮ್ಯಾಲೆ ನಿಮ್ಮ ಕಾಕಾ ಪಾಪ ಅಂದ್ರು, ಈಗ ನೀ ಪಾಪ ಅಂತಿ. ನನಗ ಯಾರ ಪಾಪನೂ ಬ್ಯಾಡ.”

ಅವಳು ಕಂಡಿಕೆಯನ್ನು ಕೈಗೆತ್ತಿಕೊಂಡಳು. ಬಿಜಲಿ. ಈ ಹಳದಿ ನೂಲನ್ನು ಅವಳೇ ಆರಿಸಿ, ಗಂಟಿಲ್ಲದಂತೆ, ತೆಳ್ಳಗೆ, ಒಂದರ ಮೇಲೊಂದು ಏರದಂತೆ ಸುತ್ತಿದ್ದಳು. ಪ್ರತಿ ರವಿವಾರ ಆಟ ಮುಗಿದ ಮೇಲೆ ಅದನ್ನು ದೇವರ ಗೂಡಿನ ಪಕ್ಕದಲ್ಲಿಡುತ್ತಿದ್ದಳು. ಈಗ ಬಾಯಿ ತೆರೆದು ಒಂದು ಹೆಸರು ಹೇಳಿದರೆ ಸಾಕು, ಬಿಜಲಿ ಉಳಿಯುತ್ತಾಳೆ. ಹೇಳದೆ ಸುಮ್ಮನೆ ಹ್ಞೂಂ ಎಂದರೂ ಉಳಿಯುತ್ತಾಳೆ. ಆದರೆ ಅದು ಎಂಥ ಬಿಜಲಿ? ಇವರು ಕರುಣೆ ತೋರಿ ಎಬ್ಬಿಸಿದ ಬಿಜಲಿ ನಾಳೆ ಗುಡ್ಡದಲ್ಲಿ ಯಾವ ಮುಖ ಹೊತ್ತು ತಿರುಗಿಯಾಳು?

“ಕರೆ ತಪ್ಪಿದರ ಕಲ್ಲು ಅಂತ ಬರದೈತೆಲ್ಲ,” ಎಂದಳು. “ಬಿಜಲಿ ಕಲ್ಲಾದ್ಲು. ಅವರೂ ಕಲ್ಲ. ಮುಗೀತು.”

ಪಕ್ಕದಲ್ಲಿ ಎದುರು ಮನೆಯ ಮಗ್ಗಕ್ಕೆ ಕೊಡಬೇಕಾದ ಕಂಡಿಕೆಗಳ ಬುಟ್ಟಿ ಇತ್ತು. ಕೆಂಪು, ಹಸಿರು, ಹಳದಿ. ಅವಳು ಬಿಜಲಿಯನ್ನು ಅದರಲ್ಲಿ ಹಾಕಿ, ಬುಟ್ಟಿಯನ್ನು ಒಮ್ಮೆ ಅಲುಗಿಸಿದಳು. ಹಳದಿಯವುಗಳ ನಡುವೆ ಯಾವುದು ಯಾವುದೆಂದು ತಿಳಿಯದಂತಾಯಿತು. “ಯವ್ವಾ, ಬ್ಯಾಡಬೇ,” ಎಂದು ಪ್ರಿಯಾ ಬುಟ್ಟಿಗೆ ಕೈ ಹಾಕಲು ಬಂದಳು. ಬನಶಂಕರೆವ್ವ ಆ ಕೈಯನ್ನು ಸರಿಸಿದಳು. ಹೊಡೆಯಲಿಲ್ಲ, ಸರಿಸಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಯಾರೂ ಅಳು ಎಂದುಕೊಳ್ಳಬಾರದೆಂದು ಸೆರಗಿನಿಂದ ಗಟ್ಟಿಯಾಗಿ ಒರೆಸಿಕೊಂಡಳು.

ಅಷ್ಟರಲ್ಲಿ ಓಣಿಯಲ್ಲಿ ಗದ್ದಲವೆದ್ದಿತು. ಎದುರು ಮನೆಯ ತಬಸ್ಸುಮ ಬಾಗಿಲಲ್ಲಿ ನಿಂತು, ನಳ ಬಂತೆಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಈ ಊರಲ್ಲಿ ನಳದ ನೀರು ಬರುವುದೆಂದರೆ ಬೀಗರು ಬಂದ ಹಾಗೆ. ಯಾವಾಗ ಬರುತ್ತದೋ ಎಷ್ಟು ಹೊತ್ತು ಇರುತ್ತದೋ ಹೇಳುವವರಿಲ್ಲ. ಬಂದಾಗ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು. ಬನಶಂಕರೆವ್ವ ಎದ್ದಳು. ರಟ್ಟನ್ನು ದಾಟುವಾಗ ಅವಳ ಸೀರೆಯ ಅಂಚು ತಾಗಿ ಸೀಮೆಸುಣ್ಣದ ಗವಿ ಅರ್ಧ ಅಳಿಸಿಹೋಯಿತು. ಅವಳು ತಿರುಗಿ ನೋಡಲಿಲ್ಲ.

ಹೊರಗೆ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಮನೆಮನೆಯ ಮುಂದೆ ಕೊಡ, ಬಕೀಟು, ಬ್ಯಾರಲ್ಲು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ತಂತಮ್ಮ ನಳದ ಗುಂಡಿಗೆ ಬಗ್ಗಿದ್ದರು. ಬನಶಂಕರೆವ್ವ ತನ್ನ ಗುಂಡಿಗೆ ಬಗ್ಗಿ ಬಿರಡೆ ತೆಗೆದಳು. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಅಲ್ಲಿದ್ದ ಒಂದು ಕೊಡ ತುಂಬಿತು. ಉಳಿದ ಕೊಡಗಳೆಲ್ಲ ಒಳಗೆ ಬಚ್ಚಲ ಬಾಯಲ್ಲಿದ್ದವು. ನೀರು ಗುಂಡಿಯಿಂದ ಉಕ್ಕಿ ಅಂಗಳಕ್ಕೆ ಹರಿಯತೊಡಗಿತು. ಒಳಗಿನಿಂದ ಯಾರೂ ಬರಲಿಲ್ಲ. ನಾಲ್ಕು ಮಂದಿ ಒಳಗಿದ್ದರು, ಆದರೂ ಬರಲಿಲ್ಲ.

ಬನಶಂಕರೆವ್ವ ನೆಟ್ಟಗೆ ನಿಂತು ಬಾಗಿಲ ಕಡೆ ತಿರುಗಿದಳು.

“ಹನಮಪ್ಪಾ.”

ತಬಸ್ಸುಮ ಬಗ್ಗಿದವಳು ಬಗ್ಗಿದಂತೆಯೇ ತಲೆ ಎತ್ತಿದಳು. ಪಕ್ಕದ ಮನೆಯ ಮುದುಕಿ ಜಗಲಿಯ ಮೇಲೆ ಜಪಮಣಿ ಎಣಿಸುತ್ತಿದ್ದುದನ್ನು ನಿಲ್ಲಿಸಿದಳು. ಯಾರದೋ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ಅದನ್ನು ಎತ್ತಲಿಲ್ಲ.

“ಕೊಡಾ ತಗೊಂಡ ಬಾ. ನೀರ ಹರದ ಹೊಂಟಾವು.”

ಎರಡನೇ ಸಲ ಕೂಗಬೇಕಾಗಿ ಬರಲಿಲ್ಲ. ಒಳಗೆ ಕೊಡಕ್ಕೆ ಕೊಡ ತಾಗಿದ ಸಪ್ಪಳವಾಯಿತು. ಹನಮಪ್ಪ ಎರಡೂ ಕೈಯಲ್ಲಿ ಕೊಡ ಹಿಡಿದು, ಬಾಯಿ ತುಂಬಿದ ಎಲೆಯೊಂದಿಗೆ ಹೊಸ್ತಿಲು ದಾಟಿ ಬಂದ. ಓಣಿ ನೋಡುತ್ತಿದೆಯೆಂದು ಅವನಿಗೆ ಗೊತ್ತಿತ್ತು. ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೊಡವನ್ನು ನಳದ ಕೆಳಗಿಟ್ಟ. ತುಂಬುವವರೆಗೂ ನೀರನ್ನೇ ನೋಡುತ್ತಿದ್ದ. ಆ ಕೊಡವನ್ನು ಅವಳು ಎತ್ತಿಕೊಂಡಳು, ಅವನು ಇನ್ನೊಂದನ್ನು ಇಟ್ಟ.